ಸಾಕಿದ ಜೀವ ಅಗಲಿದಾಗ ಮನೆಯೇ ಮೊದಲ ಔಷಧ

ಹಸಿವಿಲ್ಲ, ಉಂಡದ್ದು ರುಚಿಸುವುದಿಲ್ಲ, ರಾತ್ರಿ ಮೂರು ಗಂಟೆಗೇ ಎಚ್ಚರವಾಗುತ್ತದೆ, ಎದೆಯ ಮೇಲೆ ಏನೋ ಇಟ್ಟಂತಾಗುತ್ತದೆ ಎಂದು ಹೇಳಿಕೊಂಡು ಬರುವವರಲ್ಲಿ ಕೆಲವರ ನಾಡಿ, ನಾಲಗೆ, ಹೊಟ್ಟೆಗಳನ್ನು ಪರೀಕ್ಷಿಸಿದಾಗ ದೊಡ್ಡ ದೋಷವೇನೂ ಕಾಣುವುದಿಲ್ಲ. ರಕ್ತಪರೀಕ್ಷೆಯ ವರದಿಯೂ ನೆಟ್ಟಗೇ ಇರುತ್ತದೆ. ಇದು ಎಂದಿನಿಂದ ಶುರುವಾಯಿತು, ಆ ದಿನಗಳಲ್ಲಿ ಮನೆಯಲ್ಲಿ ಏನು ನಡೆಯಿತು ಎಂದು ಕೇಳಿದರೆ ಮೊದಲು ಏನೂ ಇಲ್ಲವೆನ್ನುತ್ತಾರೆ. ಔಷಧದ ಪೊಟ್ಟಣ ಕೈಗೆ ತೆಗೆದುಕೊಂಡು ಎದ್ದು ನಿಂತ ಮೇಲೆ ತಗ್ಗಿದ ದನಿಯಲ್ಲಿ ಬಾಯಿ ಬಿಡುತ್ತಾರೆ: ಜೋಡಿಯಲ್ಲಿ ಒಂದು ಎತ್ತು ಹೋಯಿತು, ಹನ್ನೆರಡು ವರ್ಷ ಸಾಕಿದ ನಾಯಿ ಸತ್ತಿತು, ಹಸು ಕರು ಹಾಕುವಾಗ ಉಳಿಯಲಿಲ್ಲ. ಹೇಳಿದ ಕೂಡಲೇ ತಾವೇ ನಗಲು ಪ್ರಯತ್ನಿಸುತ್ತಾರೆ. ‘ಇದಕ್ಕೆಲ್ಲ ಹೀಗಾಗುತ್ತದೆಯೇ ಡಾಕ್ಟರೇ?’ ಎನ್ನುತ್ತಾರೆ.

ಆಗುತ್ತದೆ. ರುದ್ರಪಟ್ಟಣ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಆಸುಪಾಸಿನ ನಮ್ಮ ರೈತಾಪಿ ಮನೆಗಳಲ್ಲಿ ಇದು ಅಪರೂಪದ ಸಂಗತಿಯೇನಲ್ಲ. ಆದರೆ ಹೇಳಿಕೊಳ್ಳಲು ನಾಚಿಕೆ. ಮನುಷ್ಯರು ತೀರಿಕೊಂಡರೆ ನೆಂಟರು ಬರುತ್ತಾರೆ, ಪಕ್ಕದ ಮನೆಯಿಂದ ಅನ್ನ ಸಾರು ಬರುತ್ತದೆ, ನಾಲ್ಕು ಜನ ಕುಳಿತು ಹೋದವರ ಗುಣಗಾನ ಮಾಡುತ್ತಾರೆ. ಸಾಕಿದ ಪ್ರಾಣಿ ಹೋದರೆ ಬರುವ ಮಾತು ಒಂದೇ: ‘ಹೋಗಲಿ ಬಿಡಿ, ಇನ್ನೊಂದು ತಂದರಾಯಿತು.’ ಈ ಮಾತು ಎಷ್ಟು ಜನರ ಗಂಟಲಲ್ಲಿ ದುಃಖವನ್ನು ಕಟ್ಟಿಹಾಕಿದೆ ಎಂಬುದನ್ನು ಚಿಕಿತ್ಸಾಲಯದಲ್ಲಿ ಕುಳಿತವರು ಬಲ್ಲರು. ಇಂತಹ ದುಃಖವೂ ದುಃಖವೇ, ಅದು ದೇಹದಲ್ಲಿ ರೋಗವಾಗಿ ಇಳಿಯಬಲ್ಲದು, ಅದನ್ನು ಇಳಿಸುವ ಮೊದಲ ಔಷಧ ಅಂಗಡಿಯಲ್ಲಿಲ್ಲ, ಮನೆಯೊಳಗೇ ಇದೆ. ಸದ್ಭಕ್ತರ ಮುಂದೆ ಈ ಸಂಚಿಕೆಯಲ್ಲಿ ಇಡಬೇಕೆಂದಿರುವ ವಿಚಾರ ಇಷ್ಟೇ.

ಪ್ರಾಣಿಗಾಗಿ ಅಳುವುದು ಈ ಕಾಲದ ಪೇಟೆಯವರ ಹೊಸ ಶೋಕಿ ಎಂದು ಹಿರಿಯರಲ್ಲಿ ಕೆಲವರು ಭಾವಿಸಿದ್ದಾರೆ. ಅವರು ಒಮ್ಮೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲನ್ನು ನೋಡಬೇಕು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಈ ಶಾಸನ ಕ್ರಿ.ಶ. 949-50ರದು. ಗಂಗರ ಇಮ್ಮಡಿ ಬೂತುಗನ ಬಳಿ ಮಣಲೇರನೆಂಬ ವೀರನಿದ್ದ. ತಕ್ಕೋಲದ ಯುದ್ಧದಲ್ಲಿ ಅವನು ತೋರಿದ ಶೌರ್ಯಕ್ಕೆ ಮೆಚ್ಚಿದ ಬೂತುಗ ಏನು ಬೇಕೆಂದು ಕೇಳಿದಾಗ, ಮಣಲೇರ ಬೇಡಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೊಮ್ಮೆ ದೊಡ್ಡ ಕಾಡುಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೇರ ತನ್ನ ನಾಯಿಯ ನೆನಪಿಗೆ ಊರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿದ, ಅದರ ಪೂಜೆ ನಡೆಯಲೆಂದು ಭೂಮಿ ಬಿಟ್ಟ. ಆ ಭೂಮಿಯನ್ನು ಅನುಭವಿಸುವ ಗೊರವ ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪ ತಟ್ಟುವುದೆಂದೂ ಬರೆಸಿದ. ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಸೆಣಸುವ ಶಿಲ್ಪ ಇಂದಿಗೂ ಸ್ಪಷ್ಟವಾಗಿದೆ. ಯುದ್ಧದಲ್ಲಿ ಎದೆಗೊಟ್ಟ ಗಂಡಾಳು, ಶಿವಾಲಯದ ಅಂಗಳದಲ್ಲಿ, ಒಂದು ನಾಯಿಗಾಗಿ ಹೀಗೆ ಮಾಡಿದ. ಅವನನ್ನು ಅಂದು ಯಾರೂ ನಕ್ಕಂತೆ ಕಾಣುವುದಿಲ್ಲ.

ಅಷ್ಟು ಹಿಂದಕ್ಕೂ ಹೋಗಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ದೇವರಿಗೆ ಬಿಟ್ಟ ಬಸವ ತೀರಿಕೊಂಡರೆ ಊರಿಗೆ ಊರೇ ಒಲೆ ಹಚ್ಚುವುದನ್ನು ಮರೆಯುತ್ತದೆ. ಹೂವಿನಿಂದ ಸಿಂಗರಿಸಿದ ಟ್ರ್ಯಾಕ್ಟರಿನಲ್ಲಿ ಮೆರವಣಿಗೆ, ವಾದ್ಯ, ವಿಭೂತಿ, ಪೂಜೆ, ಕೆಲವು ದಿನಗಳ ಬಳಿಕ ಊರಿನವರೆಲ್ಲ ಸೇರಿ ಅನ್ನಸಂತರ್ಪಣೆ. 2023ರ ಡಿಸೆಂಬರ್ 4ರಂದು ನಮ್ಮದೇ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯ ವಲಯದಲ್ಲಿ, ಕಾಡಾನೆಯೊಡನೆ ಕಾದಾಡಿ ಅರ್ಜುನ ಎಂಬ ಆನೆ ಮಡಿದದ್ದು ಯಾರಿಗೂ ಮರೆತಿರಲಾರದು. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಆನೆ ಅದು. ಮಡಿದಲ್ಲೇ ಮಣ್ಣು ಮಾಡಲಾಯಿತು, ಸರ್ಕಾರಿ ಗೌರವ ಸಂದಿತು, ಅದನ್ನು ನೋಡಿಕೊಂಡ ಮಾವುತರು ಬಿಕ್ಕಿ ಬಿಕ್ಕಿ ಅತ್ತರು. ಆ ಅಳುವನ್ನು ಕಂಡು ನಾಡೆಲ್ಲ ಕಣ್ಣೊರೆಸಿಕೊಂಡಿತೇ ವಿನಾ, ಆನೆಗಾಗಿ ಅಳುವುದೇ ಎಂದು ಯಾರೂ ಕೇಳಲಿಲ್ಲ.

ಊರ ಬಸವನಿಗೆ, ಅಂಬಾರಿಯ ಆನೆಗೆ ಸಲ್ಲುವ ಕಂಬನಿ ಹಿತ್ತಿಲಿನ ಎಮ್ಮೆಗೆ, ಜಗಲಿಯ ನಾಯಿಗೆ ಸಲ್ಲಬಾರದೇಕೆ? ಅಲ್ಲಿ ಹತ್ತು ಜನ ಕೂಡಿ ಅಳುವುದರಿಂದ ದುಃಖ ಹಂಚಿಹೋಗುತ್ತದೆ. ಇಲ್ಲಿ ಒಬ್ಬರೇ, ಅದೂ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಳಬೇಕಾಗಿದೆ. ಬಸವಣ್ಣನವರು ಧರ್ಮದ ಬೇರನ್ನು ದಯೆಯಲ್ಲಿ ಕಂಡವರು. ಆ ದಯೆಗೆ ಅವರು ಮನುಷ್ಯರ ಮಟ್ಟಿಗೆ ಎಂಬ ಬೇಲಿ ಹಾಕಲಿಲ್ಲ.

ಈಗ ಶಾಸ್ತ್ರಕ್ಕೆ ಬರೋಣ. ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ತಡೆಹಿಡಿಯಬಾರದ 13 ವೇಗಗಳನ್ನು ಹೇಳಿದೆ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ರೆ ಇವೇ ಮೊದಲಾದವುಗಳ ಸಾಲಿನಲ್ಲಿ ಬಾಷ್ಪವೂ ಇದೆ. ಬಾಷ್ಪವೆಂದರೆ ಕಣ್ಣೀರು. ಬಂದ ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣಿನ ರೋಗ, ಹೃದಯದ ರೋಗ, ಅರುಚಿ, ತಲೆಸುತ್ತು ಬರುತ್ತವೆಂದು ಆಚಾರ್ಯರು ಹೇಳುತ್ತಾರೆ. ಮೂತ್ರ ತಡೆಯಬೇಡ ಎಂದು ಮಗುವಿಗೆ ಹೇಳುವ ನಾವು ಅದೇ ಮಗುವಿಗೆ ಅಳಬೇಡ ಎಂದು ಗದರಿಸುತ್ತೇವೆ. ಶಾಸ್ತ್ರದ ದೃಷ್ಟಿಯಲ್ಲಿ ಎರಡೂ ಒಂದೇ ಬಗೆಯ ತಪ್ಪು.

ಅದೇ ಅಧ್ಯಾಯದಲ್ಲಿ ಮುಂದೆ ಒಂದು ಮಾತಿದೆ. ಮೇಲುನೋಟಕ್ಕೆ ವಿರೋಧದಂತೆ ತೋರುತ್ತದೆ. ಲೋಭ, ಭಯ, ಕ್ರೋಧಗಳ ಜೊತೆಗೆ ಶೋಕದ ವೇಗವನ್ನು ತಡೆಯಬೇಕು ಎಂಬುದು ಆ ಮಾತು. ಕಣ್ಣೀರನ್ನು ತಡೆಯಬಾರದು, ಶೋಕವನ್ನು ತಡೆಯಬೇಕು ಎಂದರೆ ಏನರ್ಥ? ನಾನು ಅರ್ಥ ಮಾಡಿಕೊಂಡಿರುವುದು ಹೀಗೆ. ಕಣ್ಣೀರು ದೇಹದ ಧರ್ಮ. ಬಂದಷ್ಟು ಬರಲಿ, ತಾನಾಗಿ ನಿಲ್ಲುತ್ತದೆ. ಶೋಕದ ವೇಗವೆಂದರೆ ಆ ದುಃಖದ ಭರದಲ್ಲಿ ನಾವು ಎಸಗುವ ಕೆಲಸಗಳು, ಸುತ್ತಿ ಸುತ್ತಿ ಅದನ್ನೇ ಕೆದಕುವ ಆಲೋಚನೆ: ಊಟ ಬಿಡುವುದು, ಹೆಂಡತಿಯ ಮೇಲೋ ಮಗನ ಮೇಲೋ ತಪ್ಪು ಹೊರಿಸುವುದು, ಇನ್ನು ಈ ಮನೆಯಲ್ಲಿ ದನವೇ ಬೇಡ ಎಂದು ಉಳಿದವನ್ನೂ ಸಂತೆಗೆ ಹೊಡೆದುಕೊಂಡು ಹೋಗುವುದು, ಕುಡಿತಕ್ಕೆ ಕೈ ಹಾಕುವುದು. ತಡೆಯಬೇಕಾದವು ಇವು. ನಮ್ಮಲ್ಲಿ, ವಿಶೇಷವಾಗಿ ಗಂಡಸರಲ್ಲಿ, ಸಾಮಾನ್ಯವಾಗಿ ಇದು ತಲೆಕೆಳಗಾಗಿದೆ. ಕಣ್ಣೀರನ್ನು ನುಂಗುತ್ತೇವೆ, ಉಳಿದದ್ದಕ್ಕೆ ಲಗಾಮು ಬಿಡುತ್ತೇವೆ.

ಕಣ್ಣೀರು ತಡೆದು ಬಂದ ರೋಗಕ್ಕೆ ಚರಕರು ಹೇಳುವ ಚಿಕಿತ್ಸೆ ಮೂರು: ನಿದ್ರೆ, ಮದ್ಯ, ಪ್ರಿಯವಾದ ಮಾತುಕತೆ. ಮಠದ ಪತ್ರಿಕೆಯಲ್ಲಿ ನಡುವಿನ ಪದವನ್ನು ಕಂಡು ಓದುಗರು ಹುಬ್ಬೇರಿಸಬಾರದು. ಗ್ರಂಥದಲ್ಲಿರುವುದನ್ನು ಮರೆಮಾಚುವುದು ವೈದ್ಯನಿಗೆ ತಕ್ಕದ್ದಲ್ಲ, ಆದ್ದರಿಂದ ಬರೆದೆ. ಅಂದಿನ ಮಿತವಾದ ಔಷಧೀಯ ಬಳಕೆಗೂ ಇಂದು ನಮ್ಮ ಊರುಗಳ ರಸ್ತೆಬದಿಯಲ್ಲಿ ನಡೆಯುತ್ತಿರುವುದಕ್ಕೂ ಸಂಬಂಧವಿಲ್ಲ. ದುಃಖದ ದಿನಗಳಲ್ಲಿ ಹತ್ತಿದ ಕುಡಿತ ದುಃಖ ಹೋದ ಮೇಲೂ ಉಳಿಯುತ್ತದೆ. ಮೂರರಲ್ಲಿ ಎರಡು ನಮಗೆ ಧಾರಾಳವಾಗಿ ಸಾಕು, ಆ ಎರಡೂ ಮನೆಯಲ್ಲೇ ದೊರೆಯುವಂಥವು.

ಶೋಕ ಹೊಟ್ಟೆಗೂ ಇಳಿಯುತ್ತದೆ. ಅತಿಸಾರದ ಪ್ರಕರಣದಲ್ಲಿ ಭಯದಿಂದ ಮತ್ತು ಶೋಕದಿಂದ ಬರುವ ಭೇದಿಯನ್ನು ಬೇರೆಯಾಗಿಯೇ ಹೇಳಿದೆ. ಭಯ, ಶೋಕಗಳಿಂದ ವಾತ ಬಹುಬೇಗ ಕೆರಳುತ್ತದೆ. ವಾತಹರ ಉಪಚಾರದೊಡನೆ ಹರ್ಷಣ, ಆಶ್ವಾಸನ ಮಾಡಬೇಕು ಎಂದಿದೆ. ಎಂದರೆ ರೋಗಿಯ ಮನಸ್ಸು ಅರಳುವಂತೆ ಮಾಡುವುದು, ಧೈರ್ಯ ತುಂಬುವುದು. ಭೇದಿಯ ಚಿಕಿತ್ಸೆಯಲ್ಲಿ ಸಾಂತ್ವನವನ್ನು ಔಷಧವೆಂದೇ ಬರೆದ ಆ ಆಚಾರ್ಯರಿಗೆ ಕೈಮುಗಿಯಬೇಕು.

ಹೃದಯದ ವಿಚಾರದಲ್ಲಿ ಆಧುನಿಕ ವೈದ್ಯರೂ ಈಗ ಇದೇ ದಾರಿಗೆ ಬಂದಿದ್ದಾರೆ. 1990ರಲ್ಲಿ ಜಪಾನಿನ ವೈದ್ಯರು ಒಂದು ಸ್ಥಿತಿಯನ್ನು ವರ್ಣಿಸಿ ಅದಕ್ಕೆ ‘ಟಾಕೋತ್ಸುಬೊ’ ಎಂದು ಹೆಸರಿಟ್ಟರು. ಅಷ್ಟಪದಿಯನ್ನು ಹಿಡಿಯಲು ಅಲ್ಲಿನ ಬೆಸ್ತರು ಬಳಸುವ ಮಡಕೆಯ ಹೆಸರು ಅದು. ತೀವ್ರ ದುಃಖದ ಆಘಾತದಿಂದ ಹೃದಯದ ಎಡ ಕೋಣೆ ಆ ಮಡಕೆಯಂತೆ ಉಬ್ಬಿ, ಹೃದಯಾಘಾತದಂಥದೇ ನೋವು ಬರುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. 2017ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ, ತನ್ನ ನಾಯಿ ಸತ್ತ ಬಳಿಕ ಟೆಕ್ಸಾಸಿನ ಅರವತ್ತು ದಾಟಿದ ಮಹಿಳೆಗೆ ಹೀಗಾದದ್ದು ವರದಿಯಾಯಿತು. ಆಕೆ ಚೇತರಿಸಿಕೊಂಡರು. ಇಲ್ಲಿ ಒಂದು ಎಚ್ಚರಿಕೆ. ಎದೆನೋವು, ಉಸಿರುಕಟ್ಟುವಿಕೆ, ತಣ್ಣನೆಯ ಬೆವರು ಬಂದರೆ ‘ದುಃಖದಿಂದ ಹೀಗಾಗಿದೆ’ ಎಂದು ಶುಂಠಿ ಕಷಾಯ ಕುಡಿದು ಮಲಗಬಾರದು. ಕೂಡಲೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಆಗಬೇಕು. ಅದು ದುಃಖದ್ದೋ ರಕ್ತನಾಳದ್ದೋ ಎಂಬುದನ್ನು ಮನೆಯಲ್ಲಿ ಕುಳಿತು ಯಾರೂ ಹೇಳಲಾರರು, ನಾನೂ ಹೇಳಲಾರೆ. ಹಾಗೆಯೇ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮಾತ್ರೆಯನ್ನು ಇಂತಹ ದಿನಗಳಲ್ಲಿ ಹಿರಿಯರು ಮರೆಯುವುದು ಹೆಚ್ಚು. ಮನೆಯವರೇ ಕೈಗೆ ಕೊಡಬೇಕು.

ಇನ್ನು ಮನೆಯ ಮಾತು. ನಿದ್ರೆ ಬಾರದವರಿಗೆ ಚರಕರು ಹೇಳುವ ಉಪಾಯಗಳ ಪಟ್ಟಿ ನನಗೆ ಬಹಳ ಪ್ರಿಯವಾದದ್ದು. ಎಣ್ಣೆ ತಿಕ್ಕುವುದು, ಸ್ನಾನ, ಹಾಲು, ಮೊಸರನ್ನ, ಮೈ ಕೈ ಒತ್ತುವುದು, ಮನಸ್ಸಿಗೊಪ್ಪುವ ಸುವಾಸನೆ, ಮನಸ್ಸಿಗೊಪ್ಪುವ ಶಬ್ದ, ಚೆನ್ನಾಗಿ ಹಾಸಿದ ಹಾಸಿಗೆ, ಹಿತವಾದ ಮನೆ, ಸರಿಯಾದ ಹೊತ್ತು. ಹಿತವಾದ ಮನೆಯೇ ಇಲ್ಲಿ ಔಷಧಗಳ ಸಾಲಿನಲ್ಲಿ ನಿಂತಿದೆ ಎಂಬುದನ್ನು ಗಮನಿಸಬೇಕು. ಅದಕ್ಕೆ ಹಣ ಬೇಡ, ದೊಡ್ಡ ಮನೆಯೂ ಬೇಡ.

ಪ್ರಾಣಿ ಹೋದ ಮನೆಯಲ್ಲಿ ಬರಿದಾಗುವುದು ಜಾಗಕ್ಕಿಂತ ಹೆಚ್ಚಾಗಿ ಹೊತ್ತು. ಬೆಳಗಿನ ಐದೂವರೆಗೆ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು, ಡೇರಿಗೆ ಹಾಕಿ ಬರುತ್ತಿದ್ದ ತಾಯಿಗೆ ಆ ಹೊತ್ತಿನಲ್ಲಿ ಕೈಗೆ ಕೆಲಸವಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಕೂಡಿಟ್ಟ ಕಲಗಚ್ಚಿನ ಬಕೆಟ್ಟು ತುಂಬಿ ನಿಂತಿರುತ್ತದೆ, ಕುಡಿಯುವವರಿಲ್ಲ. ಸಂಜೆ ಗೇಟಿನ ಸದ್ದಿಗೆ ಓಡಿಬರುತ್ತಿದ್ದ ನಾಯಿ ಇಲ್ಲ. ಬೆಳಗಿನ ಹೊತ್ತು, ಸಂಜೆಯ ಹೊತ್ತು, ಈ ಎರಡು ಗಂಟೆಗಳೇ ಅತ್ಯಂತ ಕಠಿಣ. ಮನೆಯವರು ಆ ವೇಳೆಯಲ್ಲಿ ಅವರನ್ನು ಒಬ್ಬರೇ ಬಿಡಬಾರದು. ಮೊಮ್ಮಗಳು ಜೊತೆಗೆ ಕುಳಿತು ಸೊಪ್ಪು ಸೋಸಲಿ, ಮಗ ಬೇಗ ಎದ್ದು ಅವರೊಡನೆ ಹೊಲದ ಬದುವಿನ ಮೇಲೆ ನಡೆದು ಬರಲಿ. ಇಷ್ಟಲಿಂಗ ಪೂಜೆಯ ಹೊತ್ತನ್ನು ಮಾತ್ರ ಹಿಂದೆ ಮುಂದೆ ಮಾಡಬಾರದು. ಮನಸ್ಸು ನಿಲ್ಲದಿದ್ದರೂ ಚಿಂತೆಯಿಲ್ಲ, ಅಂಗೈಯ ಮೇಲೆ ಲಿಂಗ ಹಿಡಿದು ಕುಳಿತ ಹತ್ತು ನಿಮಿಷ ದಿನಕ್ಕೊಂದು ಗೂಟವಾಗುತ್ತದೆ. ಮನೆಯಲ್ಲಿ ದನ ಸತ್ತಿದೆ, ಪೂಜೆ ಮಾಡಬಹುದೇ ಎಂದು ಕೇಳುವವರಿದ್ದಾರೆ. ಮರಣದ ಸೂತಕವೂ ಸೇರಿದಂತೆ ಐದು ಸೂತಕಗಳನ್ನು ನಮ್ಮ ಶರಣರು ಒಪ್ಪಿಲ್ಲ. ಮನುಷ್ಯರ ಸಾವಿಗೇ ಇಲ್ಲದ ಸೂತಕ ಇಲ್ಲೆಲ್ಲಿಂದ ಬಂದೀತು?

ಶಬ್ದದ ಬಗ್ಗೆ ರುದ್ರಪಟ್ಟಣದವರಿಗೆ ನಾನು ಹೇಳಬೇಕಾದ್ದಿಲ್ಲ. ಕಾವೇರಿಯ ದಂಡೆಯ ಈ ಸಂಗೀತಗ್ರಾಮದಲ್ಲಿ ತಂಬೂರಿಯ ಆಕಾರದಲ್ಲೇ ಮಂದಿರ ಎದ್ದು ನಿಂತಿದೆ. ಕೊರಳ ಗಂಟೆಯ ಸದ್ದು ನಿಂತುಹೋದ ಮನೆಯಲ್ಲಿ ಮೌನ ಬಹಳ ಭಾರವಾಗಿರುತ್ತದೆ. ಟೀವಿ ಹಾಕಿ ಆ ಮೌನವನ್ನು ಹೊಡೆದೋಡಿಸಲು ನೋಡುತ್ತಾರೆ. ಅಪರಾಧ ಸುದ್ದಿ, ಕೂಗಾಟದ ಚರ್ಚೆಗಳಿಂದ ವಾತ ಇನ್ನಷ್ಟು ಕೆರಳುತ್ತದೆ. ರಾತ್ರಿ ಮಲಗುವ ಮುನ್ನ ಮೆಲುದನಿಯಲ್ಲಿ ವಚನ ಗಾಯನವನ್ನೋ, ಬರೀ ತಂಬೂರಿಯ ಶ್ರುತಿಯನ್ನೋ ಕೇಳಲಿ. ಬೆಚ್ಚಗಿನ ಎಳ್ಳೆಣ್ಣೆಯನ್ನು ಯಾರಾದರೂ ಅಂಗಾಲಿಗೆ ತಿಕ್ಕಿಕೊಡಲಿ. ‘ಯಾರಾದರೂ’ ಎಂದದ್ದು ಬೇಕೆಂದೇ. ತನಗೆ ತಾನೇ ತಿಕ್ಕಿಕೊಂಡರೆ ಎಣ್ಣೆಯ ಗುಣ ಮಾತ್ರ ಸಿಗುತ್ತದೆ.

ಊಟದಲ್ಲಿ ಮೊದಲ ಕೆಲವು ದಿನ ಒತ್ತಾಯ ಬೇಡ, ಉಪವಾಸವೂ ಬೇಡ. ಬಿಸಿಯಾದ ಅನ್ನ, ಹೆಸರುಬೇಳೆಯ ತೊವ್ವೆ, ಜೀರಿಗೆ ಮೆಣಸಿನ ಸಾರು, ವೈದ್ಯರು ಬೇಡವೆಂದಿರದಿದ್ದರೆ ಒಂದು ಚಮಚ ತುಪ್ಪ. ಒಬ್ಬರಿಗೇ ತಟ್ಟೆ ಇಟ್ಟುಹೋಗದೆ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಬೇಕು. ಬ್ರಾಹ್ಮಿ, ಅಶ್ವಗಂಧ, ಜಟಾಮಾಂಸಿಗಳ ಹೆಸರು ಎಲ್ಲರಿಗೂ ಗೊತ್ತು, ಮೊಬೈಲಿನಲ್ಲಿ ನೋಡಿ ತಾವೇ ತರಿಸಿಕೊಳ್ಳುವವರೂ ಇದ್ದಾರೆ. ಅವು ಒಳ್ಳೆಯ ಔಷಧಗಳೇ. ಆದರೆ ಅವುಗಳ ಸರದಿ ಎರಡನೆಯದು, ಅದೂ ವೈದ್ಯರು ನೋಡಿ ಕೊಟ್ಟಾಗ. ಮಾತನಾಡುವವರಿಲ್ಲದ ಮನೆಯಲ್ಲಿ ಬ್ರಾಹ್ಮಿ ಏನು ಮಾಡೀತು?

ಹಗ್ಗ, ಗಂಟೆ, ಹುರಿಗೆಜ್ಜೆ, ನಾಯಿಯ ತಟ್ಟೆ, ಇವನ್ನೆಲ್ಲ ಅಂದೇ ಕಣ್ಮರೆ ಮಾಡುವುದು ಒಂದು ವಾಡಿಕೆ. ನೋಡಿದರೆ ನೆನಪಾಗುತ್ತದೆ ಎಂಬುದು ಕಾರಣ. ನನ್ನ ಅಭಿಪ್ರಾಯ ಬೇರೆ. ನೆನಪಾಗುವುದು ರೋಗವಲ್ಲ. ಒಂದೋ ಎರಡೋ ವಸ್ತು ಕಣ್ಣಿಗೆ ಬೀಳುವಲ್ಲಿ ಇರಲಿ. ಉಳಿದುದನ್ನು ದುಃಖದಲ್ಲಿರುವವರೇ ತಮ್ಮ ಕೈಯಾರೆ, ತಮಗೆ ತೋಚಿದ ದಿನ ಎತ್ತಿಡಲಿ. ಮಣ್ಣು ಮಾಡಿದ ಕಡೆ ಒಂದು ಬೇವಿನ ಸಸಿಯನ್ನೋ ತೆಂಗಿನ ಸಸಿಯನ್ನೋ ನೆಡುವುದು ಒಳ್ಳೆಯದು. ನೀರೆರೆಯುವ ಕೆಲಸವೊಂದು ಸಿಗುತ್ತದೆ. ಜೋಡಿಯಲ್ಲಿ ಉಳಿದ ಎತ್ತು ಮೇವು ಬಿಟ್ಟು ಗೋದಲಿಯ ಕಡೆ ಮುಖ ಮಾಡಿ ನಿಲ್ಲುವುದನ್ನು ರೈತರೆಲ್ಲ ಕಂಡಿದ್ದಾರೆ. ಅದರ ಮೈ ತಿಕ್ಕುವ, ಕೈಯಿಂದ ಹುಲ್ಲು ತಿನ್ನಿಸುವ ಕೆಲಸವನ್ನು ದುಃಖಿಸುತ್ತಿರುವವರಿಗೇ ವಹಿಸಬೇಕು. ಇಬ್ಬರೂ ಒಟ್ಟಿಗೆ ಚೇತರಿಸಿಕೊಳ್ಳುತ್ತಾರೆ.

ಮಕ್ಕಳಿಗೆ ಸುಳ್ಳು ಹೇಳಬಾರದು. ನಾಯಿ ಅಜ್ಜಿಯ ಊರಿಗೆ ಹೋಗಿದೆ ಎಂದರೆ ಮಗು ಪ್ರತಿದಿನ ದಾರಿ ಕಾಯುತ್ತದೆ. ನಿದ್ದೆ ಮಾಡುತ್ತಿದೆ ಎಂದರೆ ನಿದ್ದೆಗೇ ಹೆದರುತ್ತದೆ. ಸತ್ತಿತು, ಇನ್ನು ಬರುವುದಿಲ್ಲ, ನಮಗೂ ಬೇಜಾರಾಗಿದೆ ಎಂದು ನೇರವಾಗಿ ಹೇಳಿ, ಮಣ್ಣಿಗೆ ಒಂದು ಹಿಡಿ ಹೂ ಹಾಕಲು ಬಿಡಬೇಕು.

ಎಲ್ಲಕ್ಕಿಂತ ಮೊಂಡಾದದ್ದು ತಪ್ಪಿತಸ್ಥ ಭಾವನೆ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ಉದ್ದಗಲಕ್ಕೂ ಹರಡಿ, ನಮ್ಮ ಭಾಗದ ಕೊಟ್ಟಿಗೆಗಳನ್ನೂ ಬಿಡದೆ ಹೊಕ್ಕಾಗ ಇದನ್ನು ಹೇರಳವಾಗಿ ಕಂಡೆ. ಆ ವರ್ಷ ಜಾನುವಾರು ಸಂತೆ, ಜಾತ್ರೆಗಳು ನಿಂತವು. ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರವನ್ನು ಸರ್ಕಾರ ಗೊತ್ತುಮಾಡಿತು. ಬಡ ರೈತನಿಗೆ ಅದು ಬೇಕಾದದ್ದೇ. ಆದರೆ ಆ ಹಣ ಕೈಗೆ ಬಂದ ದಿನ ಮತ್ತೆ ಅತ್ತವರಿದ್ದಾರೆ. ‘ನಾನು ಆ ದಿನ ಬಯಲಿಗೆ ಬಿಡಬಾರದಾಗಿತ್ತು’, ‘ಒಂದು ದಿನ ಮೊದಲೇ ಡಾಕ್ಟರನ್ನು ಕರೆಯಬೇಕಾಗಿತ್ತು’, ಇದೇ ಮಾತು. ಇಂತಹವರಿಗೆ ಬರೀ ‘ಹಾಗೆಲ್ಲ ಅಂದುಕೊಳ್ಳಬೇಡಿ’ ಎಂದರೆ ಸಾಲದು. ವಿಷಯ ಬಿಡಿಸಿ ಹೇಳಬೇಕು. ಆ ರೋಗ ವೈರಾಣುವಿನಿಂದ ಬರುವಂಥದ್ದು, ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಒಂದು ದನದಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತವೆ. ಯಾವ ಮನೆಯವರೂ ಹಗಲಿರುಳು ಸೊಳ್ಳೆಗೆ ಕಾವಲು ನಿಲ್ಲಲಾರರು. ಪಶುವೈದ್ಯರೇ ಐದು ನಿಮಿಷ ನಿಂತು ಇದನ್ನು ಹೇಳಿದರೆ ನನ್ನ ಹತ್ತು ಕಷಾಯಕ್ಕಿಂತ ಮೇಲು. ಬಸವಣ್ಣನವರ ಕಾಲಕ್ಕೆ ತುಸು ಮೊದಲೇ ಚಾಲುಕ್ಯ ವಂಶದ ಕೀರ್ತಿವರ್ಮ ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದ. ದನದ ವೈದ್ಯ ಮತ್ತು ದನ ಸಾಕುವವರ ನಡುವಿನ ಮಾತು ನಮ್ಮ ಭಾಷೆಗೆ ಅಷ್ಟು ಹಳೆಯದು.

ತಪ್ಪಿತಸ್ಥ ಭಾವನೆಗೆ ಇನ್ನೊಂದು ಮುಖವಿದೆ, ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಟ್ರ್ಯಾಕ್ಟರು ಬಂದ ಮೇಲೆ, ಮುದಿಯಾದ ಮೇಲೆ ಮಾರಿದ ಎತ್ತಿನ ನೆನಪು. ಅದು ಸತ್ತಿತೋ ಬದುಕಿದೆಯೋ ತಿಳಿಯದು, ಆದ್ದರಿಂದ ಆ ದುಃಖಕ್ಕೆ ಕೊನೆಯೂ ಇಲ್ಲ. ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಕೇಳುವ ಕಿವಿಯೊಂದು ಮನೆಯಲ್ಲಿದ್ದರೆ ಹೇಳಿಕೊಂಡಷ್ಟು ಹಗುರವಾಗುತ್ತದೆ.

ಮನೆಯ ಆರೈಕೆಗೂ ಒಂದು ಮಿತಿಯಿದೆ. ಸತ್ತ ನಾಯಿಯೋ ದನವೋ ಸಾಯುವ ಮುನ್ನ ವಿಚಿತ್ರವಾಗಿ ವರ್ತಿಸಿ, ಜೊಲ್ಲು ಸುರಿಸಿ, ಕಂಡದ್ದನ್ನು ಕಚ್ಚಲು ಹೋಗಿದ್ದರೆ ಅದು ಹುಚ್ಚುನಾಯಿ ರೋಗವಿರಬಹುದು. ಕಚ್ಚಿಸಿಕೊಂಡವರು, ಪರಚಿಸಿಕೊಂಡವರು, ಗಾಯದ ಮೇಲೆ ಅದರ ಜೊಲ್ಲು ತಾಗಿದವರು ಆ ಜಾಗವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆಯ ಎಲ್ಲ ಸರದಿಗಳನ್ನೂ ಮುಗಿಸಬೇಕು. ಲಕ್ಷಣ ಕಾಣಿಸಿಕೊಂಡ ಮೇಲೆ ಆ ರೋಗಕ್ಕೆ ನಮ್ಮ ಪದ್ಧತಿಯಲ್ಲೂ ಇಲ್ಲ, ಅವರ ಪದ್ಧತಿಯಲ್ಲೂ ಇಲ್ಲ ಚಿಕಿತ್ಸೆ. ಬೇರು, ಸೊಪ್ಪು, ತಾಯತ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಇನ್ನು ದುಃಖವೇ ಆರು ವಾರ, ಎಂಟು ವಾರ ಕಳೆದರೂ ಇಳಿಯದೆ, ಊಟ ನಿದ್ದೆಗಳು ಹಾಗೇ ಕೆಟ್ಟಿದ್ದರೆ, ಬದುಕೇ ಬೇಡವೆಂಬ ಮಾತು ಒಮ್ಮೆ ಬಂದರೂ ಸರಿ, ಮನೋವೈದ್ಯರನ್ನು ಕಾಣಬೇಕು. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ‘ಟೆಲಿ ಮಾನಸ್’ ಸೇವೆಯಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಮಕ್ಕಳು ಬೆಂಗಳೂರು ಸೇರಿ, ಹಳ್ಳಿಯ ಮನೆಯಲ್ಲಿ ನಾಯಿಯೊಂದನ್ನೇ ಜೊತೆಗಿಟ್ಟುಕೊಂಡಿದ್ದ ಒಂಟಿ ಹಿರಿಯರ ವಿಷಯದಲ್ಲಿ ಅಷ್ಟು ವಾರ ಕಾಯುವುದೂ ಬೇಡ. ಮಕ್ಕಳು ಮೊದಲ ವಾರವೇ ಬಂದು ನಾಲ್ಕು ದಿನ ಇದ್ದು ಹೋಗಲಿ. ಮನುಷ್ಯರು ಸತ್ತಿದ್ದರೆ ರಜೆ ಹಾಕಿ ಬರುತ್ತಿರಲಿಲ್ಲವೇ?

ಕೊನೆಯದಾಗಿ, ಇನ್ನೊಂದನ್ನು ತರುವ ಪ್ರಶ್ನೆ. ಚರಕರು ಉನ್ಮಾದ ಚಿಕಿತ್ಸೆಯ ಅಧ್ಯಾಯದಲ್ಲಿ, ಪ್ರಿಯವಾದುದು ನಾಶವಾಗಿ ಮನಸ್ಸು ಪೆಟ್ಟು ತಿಂದವರಿಗೆ ಅದಕ್ಕೆ ಸಮಾನವಾದುದನ್ನು ದೊರಕಿಸಿ, ಸವಿಮಾತು ಮತ್ತು ಭರವಸೆಯಿಂದ ಶಮನಗೊಳಿಸಬೇಕೆಂದು ಹೇಳಿದ್ದಾರೆ. ‘ಇನ್ನೊಂದು ತಂದರಾಯಿತು’ ಎನ್ನುವವರು ಶಾಸ್ತ್ರ ನಮ್ಮ ಕಡೆಗಿದೆ ಎಂದು ಸಂತೋಷಪಡಬಹುದು. ಆದರೆ ಆಚಾರ್ಯರು ವಸ್ತುವನ್ನಷ್ಟೇ ಹೇಳಿ ಬಿಟ್ಟಿಲ್ಲ, ಸವಿಮಾತನ್ನೂ ಭರವಸೆಯನ್ನೂ ಜೊತೆಗೆ ಕಟ್ಟಿದ್ದಾರೆ. ಮೂರನೆಯ ದಿನವೇ ಮಗ ಸಂತೆಯಿಂದ ಹೊಸ ಹಸು ತಂದು ಕಟ್ಟಿದರೆ, ತಾಯಿ ಅದರ ಕೆಚ್ಚಲಿಗೆ ಕೈ ಹಾಕುವುದಿಲ್ಲ. ಆ ಹಸುವಿಗೂ ಅನ್ಯಾಯ. ಹಾಗೆಂದು ವರ್ಷಗಟ್ಟಲೆ ಕೊಟ್ಟಿಗೆಗೆ ಬೀಗ ಹಾಕಿಡುವುದೂ ಸಲ್ಲದು, ಅದರಲ್ಲೂ ಹಾಲಿನ ಹಣದಿಂದಲೇ ಸಂಸಾರ ನಡೆಯುವ ಮನೆಯಲ್ಲಿ. ಹೋದದ್ದರ ಮಾತನ್ನು ಅಳದೆ, ಒಮ್ಮೊಮ್ಮೆ ನಗುತ್ತಲೂ ಆಡಲು ಅವರಿಗೆ ಸಾಧ್ಯವಾದಾಗ ಹೊತ್ತು ಬಂದಿದೆ ಎಂದು ತಿಳಿಯಬೇಕು. ಆಗಲೂ ಮನೆಯವರು ತಾವೇ ಆರಿಸಿ ತರಬಾರದು. ಬೂಕನಬೆಟ್ಟದ ಜಾತ್ರೆಗೋ ಚುಂಚನಕಟ್ಟೆಯ ಜಾತ್ರೆಗೋ ಅವರನ್ನೇ ಕರೆದುಕೊಂಡು ಹೋಗಿ, ಸುಮ್ಮನೆ ದನಗಳ ನಡುವೆ ಓಡಾಡಿಸಬೇಕು. ಬರಿಗೈಯಲ್ಲಿ ಬಂದರೂ ಸರಿ.

ಹೊಸದಕ್ಕೆ ಹಳೆಯದರ ಹೆಸರನ್ನೇ ಇಡಬಹುದೇ ಎಂದು ಹಲವರು ಕೇಳುತ್ತಾರೆ. ಬೇಡವೆನ್ನುತ್ತೇನೆ. ಆ ಕರುವಿಗೆ ತನ್ನದೇ ಒಂದು ಹೆಸರಿರಲಿ, ಅದನ್ನು ಮನೆಯ ಮಗು ಇಡಲಿ.